ಬಿಪಿ ಇದ್ದವರಿಗೆ ಕೊರಳಿನ ಸ್ಕ್ಯಾನ್ ಯಾಕೆ?

ಹೆಲ್ತ್ ಚೆಕಪ್ ಪ್ಯಾಕೇಜುಗಳ ಪಟ್ಟಿಯಲ್ಲಿ ಈಗೀಗ ಇಸಿಜಿ, ಎಕೋ ಜೊತೆಗೆ ‘ಕೆರೋಟಿಡ್ ಡಾಪ್ಲರ್’ ಅಂತ ಇನ್ನೊಂದು ಹೆಸರೂ ಕಾಣುತ್ತದೆ. ಅದು ಕೊರಳಿನ ರಕ್ತನಾಳದ ಸ್ಕ್ಯಾನ್. ಬಿಪಿ ಮಾತ್ರೆ ತಗೊಳ್ಳುವವರಿಗೆ ಕೆಲವೊಮ್ಮೆ ಡಾಕ್ಟರೇ ಬರೆದುಕೊಡುತ್ತಾರೆ. ಸ್ಕ್ಯಾನ್ ಮುಗಿದ ಮೇಲೆ ಕೈಗೆ ಬರುವ ರಿಪೋರ್ಟಿನಲ್ಲಿ ‘ಐಎಂಟಿ 0.9 ಮಿ.ಮೀ.’, ‘ಪಿಎಸ್‌ವಿ 80’, ‘ಸಿಗ್ನಿಫಿಕೆಂಟ್ ಸ್ಟೆನೋಸಿಸ್ ಇಲ್ಲ’ ಎಂಬಂಥ ಸಾಲುಗಳು. ಹೊಟ್ಟೆ ಸ್ಕ್ಯಾನ್ ಗೊತ್ತು, ಬಸುರಿಯರ ಸ್ಕ್ಯಾನ್ ಗೊತ್ತು. ಬಿಪಿ ನೋಡುವುದಕ್ಕೆ ತೋಳಿಗೆ ಪಟ್ಟಿ ಸುತ್ತಿದರೆ ಸಾಕಲ್ವಾ, ಕೊರಳಿಗೆ ಯಾಕೆ ಬಂದರು?

ಪಟ್ಟಿ ಸುತ್ತಿ ನೋಡುವುದು ಆ ಹೊತ್ತಿನ ಒತ್ತಡವನ್ನು. ಆ ಒತ್ತಡ ವರ್ಷಗಟ್ಟಲೆ ಇದ್ದು ರಕ್ತನಾಳಕ್ಕೆ ಏನು ಮಾಡಿದೆ ಎನ್ನುವುದು ಪಟ್ಟಿಗೆ ತಿಳಿಯುವುದಿಲ್ಲ. ಅದನ್ನು ನೋಡಲು ಅಲ್ಟ್ರಾಸೌಂಡ್ ಬೇಕು.

ಒತ್ತಡ ಏರಿದರೆ ಗೋಡೆಗೆ ಏನಾಗುತ್ತದೆ

ಹೃದಯದಿಂದ ದೇಹಕ್ಕೆಲ್ಲ ರಕ್ತ ಒಯ್ಯುವ ನಾಳವೇ ಅಪಧಮನಿ. ಇಲ್ಲಿ ರಕ್ತನಾಳ ಎಂದಾಗೆಲ್ಲ ಅದನ್ನೇ ಹೇಳುತ್ತಿದ್ದೇನೆ. ಅದರ ಗೋಡೆಗೆ ಮೂರು ಪದರ. ಒಳಪದರದಲ್ಲಿ ರಕ್ತಕ್ಕೆ ತಾಗಿಕೊಂಡು ಒಂದೇ ಒಂದು ಜೀವಕೋಶದಷ್ಟು ತೆಳ್ಳಗಿನ ಹಾಸು ಇದೆ. ಅದರ ಹೆಸರು ಎಂಡೋಥೀಲಿಯಂ. ನಡುವಿನ ಪದರದಲ್ಲಿ ಸ್ನಾಯು ಇದೆ, ಜೊತೆಗೆ ಎಳೆದರೆ ಹಿಗ್ಗಿ ಬಿಟ್ಟರೆ ಕುಗ್ಗುವ ಎಲಾಸ್ಟಿನ್ ಎಂಬ ನಾರು ಇದೆ. ಹೊರಗಿನದು ಗಟ್ಟಿ ಹೊದಿಕೆ.

ನಿಮಿಷಕ್ಕೆ 70 ಸಲ ಬಡಿಯುವ ಹೃದಯ ದಿನಕ್ಕೆ ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಗೋಡೆ ಹಿಗ್ಗಬೇಕು, ಕುಗ್ಗಬೇಕು. ಒತ್ತಡ ಸದಾ ಜಾಸ್ತಿ ಇದ್ದರೆ ಗೋಡೆ ಅದಕ್ಕೆ ಹೊಂದಿಕೊಳ್ಳಲು ನೋಡುತ್ತದೆ. ನಡುವಿನ ಸ್ನಾಯು ದಪ್ಪವಾಗುತ್ತದೆ. ದಪ್ಪ ಗೋಡೆಯಲ್ಲಿ ಒತ್ತಡದ ಭಾರ ಹಂಚಿಹೋಗುತ್ತದೆ, ಹಾಗಾಗಿ ಶುರುವಿನಲ್ಲಿ ಇದು ದೇಹದ ಜಾಣತನವೇ. ತೊಂದರೆ ಇರುವುದು ಎಲಾಸ್ಟಿನ್‌ನಲ್ಲಿ. ನಮ್ಮ ದೇಹ ಅದನ್ನು ಹೆಚ್ಚಾಗಿ ಬಾಲ್ಯದಲ್ಲೇ ತಯಾರಿಸಿ ಮುಗಿಸಿರುತ್ತದೆ. ಅದು ಸವೆದ ಕಡೆ ಕೊಲಾಜೆನ್ ಎಂಬ ಬಿರುಸು ನಾರು ಸೇರಿಕೊಳ್ಳುತ್ತದೆ. ನಾಳ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ವಯಸ್ಸಾದವರಲ್ಲಿ ಬಿಪಿ 165/70 ಅಂತ ಮೇಲಿನ ಅಂಕಿ ಏರಿ ಕೆಳಗಿನದು ಇಳಿದಿರುವುದನ್ನು ನೋಡಿರುತ್ತೀರಿ. ಬಿರುಸಾದ ನಾಳ ಹೃದಯ ಬಡಿದಾಗ ಹಿಗ್ಗುವುದಿಲ್ಲ, ಆಗ ಒತ್ತಡ ಜಿಗಿಯುತ್ತದೆ. ಹಿಗ್ಗಿಲ್ಲವಾದ್ದರಿಂದ ಆಮೇಲೆ ಕುಗ್ಗಿ ರಕ್ತ ತಳ್ಳುವುದಕ್ಕೂ ಆಗುವುದಿಲ್ಲ, ಒತ್ತಡ ಬೇಗ ಬಿದ್ದುಹೋಗುತ್ತದೆ.

ಒಳಗಿನ ಹಾಸಿಗೂ ಪೆಟ್ಟು ಬೀಳುತ್ತದೆ. ಅದು ಸರಿಯಾಗಿದ್ದಾಗ ಕೊಲೆಸ್ಟ್ರಾಲ್ ಗೋಡೆಯೊಳಗೆ ನುಗ್ಗದಂತೆ ತಡೆಯುತ್ತಿರುತ್ತದೆ. ಕೆಟ್ಟ ಕಡೆ ಕೊಲೆಸ್ಟ್ರಾಲ್ ಒಳಸೇರಿ, ಉರಿಯೂತ ಶುರುವಾಗಿ, ವರ್ಷಗಳಲ್ಲಿ ಉಬ್ಬು ಕಟ್ಟುತ್ತದೆ. ಈ ಉಬ್ಬಿಗೆ ಪ್ಲಾಕ್ ಎನ್ನುತ್ತಾರೆ.

ಅಂದರೆ ದಪ್ಪವಾಗುವುದು, ಬಿರುಸಾಗುವುದು, ಪ್ಲಾಕ್ ಕಟ್ಟುವುದು, ಒಳಹಾಸು ಕೆಲಸ ಮರೆಯುವುದು ಎಲ್ಲ ಬೇರೆ ಬೇರೆ ಕೆಡುಕುಗಳು. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇರಲೇಬೇಕೆಂದಿಲ್ಲ. ರಿಪೋರ್ಟ್ ಓದುವಾಗ ಆಗುವ ಗೊಂದಲದಲ್ಲಿ ಮುಕ್ಕಾಲು ಪಾಲು ಇವನ್ನೆಲ್ಲ ಒಂದೇ ಅಂದುಕೊಳ್ಳುವುದರಿಂದ ಬರುತ್ತದೆ.

ಶಬ್ದ ಹೇಗೆ ಅಳತೆ ಮಾಡುತ್ತದೆ

ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ ಹೆಚ್ಚೆಂದರೆ 20,000 ಸಲ ಕಂಪಿಸುವ ಶಬ್ದ. ಕೊರಳಿನ ಸ್ಕ್ಯಾನಿಗೆ ಬಳಸುವ ಶಬ್ದ ಸೆಕೆಂಡಿಗೆ 70 ಲಕ್ಷದಿಂದ ಒಂದು ಕೋಟಿಗೂ ಮೀರಿ ಕಂಪಿಸುತ್ತದೆ. ಡಾಕ್ಟರ್ ಕೈಯಲ್ಲಿರುವ ಪ್ರೋಬ್ ಈ ಶಬ್ದವನ್ನು ಒಳಗೆ ಕಳಿಸಿ, ವಾಪಸ್ ಬರುವ ಪ್ರತಿಧ್ವನಿಗೆ ಕಾಯುತ್ತದೆ. ಮೈಯೊಳಗೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,540 ಮೀಟರ್. ಎರಡು ಸೆಂ.ಮೀ. ಆಳದಿಂದ ಪ್ರತಿಧ್ವನಿ ಮರಳಲು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ 26 ಪಾಲಿನಷ್ಟು ಹೊತ್ತು ಸಾಕು. ಆ ಹೊತ್ತು ಲೆಕ್ಕ ಹಾಕಿಯೇ ಮೆಷಿನ್ ಆಳ ಗುರುತಿಸಿ ಚಿತ್ರ ಬರೆಯುತ್ತದೆ. ಎಕ್ಸ್‌ರೇ ಇಲ್ಲ, ವಿಕಿರಣ ಇಲ್ಲ, ಸೂಜಿಯೂ ಇಲ್ಲ. ಗಾಳಿ ಇದ್ದರೆ ಶಬ್ದ ಒಳಗೆ ಹೋಗದು ಅಂತ ತಣ್ಣನೆಯ ಜೆಲ್ ಹಚ್ಚುತ್ತಾರೆ, ಅಷ್ಟೇ.

ಡಾಪ್ಲರ್ ಅಂದರೆ ಅದೇ ಮೆಷಿನ್‌ನ ಇನ್ನೊಂದು ಕೆಲಸ. ರೈಲು ಹತ್ತಿರ ಬರುವಾಗ ಹಾರ್ನ್ ಕೀರಲಾಗಿ, ದಾಟಿ ಹೋಗುವಾಗ ತಗ್ಗಿ ಕೇಳುತ್ತದಲ್ಲ, ಅದನ್ನು 1842ರಲ್ಲಿ ವಿವರಿಸಿದ ಆಸ್ಟ್ರಿಯಾದ ಕ್ರಿಶ್ಚಿಯನ್ ಡಾಪ್ಲರ್ ಹೆಸರೇ ಇದಕ್ಕಿದೆ. ಅವರು ಯೋಚಿಸುತ್ತಿದ್ದುದು ನಕ್ಷತ್ರಗಳ ಬೆಳಕಿನ ಬಗ್ಗೆ, ರಕ್ತದ ಬಗ್ಗೆ ಅಲ್ಲ. ಓಡುವ ರಕ್ತಕಣಗಳಿಗೆ ಬಡಿದು ಬರುವ ಪ್ರತಿಧ್ವನಿಯಲ್ಲೂ ಇದೇ ಏರಿಳಿತ ಇರುತ್ತದೆ. ಅದರಿಂದ ರಕ್ತದ ವೇಗ ಸಿಗುತ್ತದೆ. ಪರದೆ ಮೇಲೆ ಕೆಂಪು, ನೀಲಿ ಬಣ್ಣ ಕಂಡು ಶುದ್ಧ ರಕ್ತ, ಅಶುದ್ಧ ರಕ್ತ ಅಂದುಕೊಳ್ಳುವವರು ತುಂಬ ಜನ. ಶಾಲೆಯ ಪಾಠದ ಚಿತ್ರ ತಲೆಯಲ್ಲಿ ಕೂತಿರುತ್ತದೆ. ಇಲ್ಲಿ ಆ ಬಣ್ಣಗಳು ಹೇಳುವುದು ದಿಕ್ಕು ಮಾತ್ರ: ರಕ್ತ ಪ್ರೋಬ್ ಕಡೆಗೆ ಬರುತ್ತಿದೆಯೋ, ದೂರ ಹೋಗುತ್ತಿದೆಯೋ ಅನ್ನುವುದು.

ಕೊರಳಿನಲ್ಲಿ ಕಾಣುವ ಎರಡು ಗೆರೆ

ಕೊರಳಿನ ಎರಡೂ ಪಕ್ಕ ಮಿದುಳಿಗೆ ರಕ್ತ ಒಯ್ಯುವ ಒಂದೊಂದು ದೊಡ್ಡ ನಾಳ ಇದೆ. ಅದೇ ಕೆರೋಟಿಡ್. ಚರ್ಮದ ಹತ್ತಿರವೇ ಇರುವುದರಿಂದ ಸ್ಕ್ಯಾನಿಗೆ ಚೆನ್ನಾಗಿ ಸಿಗುತ್ತದೆ. ಹೃದಯದ ರಕ್ತನಾಳ ಹೀಗೆ ಸಿಗುವುದಿಲ್ಲ. ಅದು ಆಳದಲ್ಲಿದೆ, ಬಡಿಯುತ್ತಲೇ ಇರುತ್ತದೆ, ಸುತ್ತ ಗಾಳಿ ತುಂಬಿದ ಶ್ವಾಸಕೋಶ ಬೇರೆ. ಬಿಪಿ, ಕೊಲೆಸ್ಟ್ರಾಲು, ಸಕ್ಕರೆ ಕಾಯಿಲೆ, ಸಿಗರೇಟು ಇವೆಲ್ಲ ಮೈಯ ದೊಡ್ಡ ನಾಳಗಳನ್ನೆಲ್ಲ ಕೆಡಿಸುವುದರಿಂದ, ಕೊರಳು ನೋಡಿ ಉಳಿದ ಕಡೆಯದನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು. ಸ್ವಲ್ಪಮಟ್ಟಿಗೆ ಮಾತ್ರ.

ಮಂಚದ ಮೇಲೆ ಮಲಗಿ ಗಲ್ಲ ಮೇಲೆತ್ತಿ ಮುಖ ಪಕ್ಕಕ್ಕೆ ತಿರುಗಿಸಬೇಕು. ಉಪವಾಸ ಬೇಕಿಲ್ಲ. ಪ್ರೋಬನ್ನು ಕಾಲರ್ ಮೂಳೆಯಿಂದ ದವಡೆಯ ತನಕ ಮೆಲ್ಲಗೆ ಸರಿಸುತ್ತಾರೆ. ಪರದೆಯಲ್ಲಿ ನಾಳ ಉದ್ದಕ್ಕೆ ಮಲಗಿದ ಕಪ್ಪು ಪಟ್ಟಿಯಂತೆ ಕಾಣುತ್ತದೆ. ಕಪ್ಪು ಅಂದರೆ ಒಳಗೆ ಓಡುವ ರಕ್ತ. ಪಟ್ಟಿಯ ಕೆಳಗಿನ ಅಂಚನ್ನು ಗಮನಿಸಿದರೆ ಒಂದು ಸಣ್ಣ ಬಿಳಿ ಗೆರೆ, ಅದರ ಕೆಳಗೆ ಕೂದಲೆಳೆಯಷ್ಟು ಕಪ್ಪು, ಅದರ ಕೆಳಗೆ ದಪ್ಪ ಬಿಳಿ ಗೆರೆ. ಮೊದಲ ಗೆರೆ ರಕ್ತವೂ ಒಳಪದರವೂ ಸೇರುವ ಜಾಗ. ಎರಡನೆಯದು ನಡುಪದರವೂ ಹೊರಪದರವೂ ಸೇರುವ ಜಾಗ. ಈ ಎರಡು ಗೆರೆಗಳ ನಡುವಿನ ದೂರವೇ ರಿಪೋರ್ಟಿನಲ್ಲಿರುವ ಐಎಂಟಿ, ಅಂದರೆ ಒಳಪದರ ಮತ್ತು ನಡುಪದರ ಸೇರಿದ ದಪ್ಪ.

ಈ ಗೆರೆಗಳು ನಿಜಕ್ಕೂ ಗೋಡೆಯ ಪದರಗಳೇ ಎಂದು 1986ರಲ್ಲಿ ತೋರಿಸಿಕೊಟ್ಟವರು ಇಟಲಿಯ ಮಿಲಾನ್‌ನ ಪಾವೊಲೊ ಪಿನ್ಯೋಲಿ ಮತ್ತು ಜೊತೆಗಾರರು. ತೆಗೆದಿಟ್ಟ ರಕ್ತನಾಳದ ತುಂಡುಗಳನ್ನು ಸ್ಕ್ಯಾನ್ ಮಾಡಿ, ಅದೇ ತುಂಡುಗಳನ್ನು ಸೂಕ್ಷ್ಮದರ್ಶಕದಲ್ಲಿ ಅಳೆದು ಅವರು ತಾಳೆ ನೋಡಿದರು. ಆಮೇಲೆ ಜಗತ್ತಿನ ಎಷ್ಟೋ ಕಡೆ ಸಾವಿರಾರು ಜನರ ಕೊರಳು ಅಳೆದಿದ್ದಾರೆ.

ವಯಸ್ಸಾದಂತೆ ಐಎಂಟಿ ಎಲ್ಲರಲ್ಲೂ ಏರುತ್ತದೆ. ಬಿಪಿ ಇದ್ದವರಲ್ಲಿ ಬೇಗ ಏರುತ್ತದೆ. ಯುರೋಪಿನ ಬಿಪಿ ಮಾರ್ಗಸೂಚಿಗಳು 0.9 ಮಿ.ಮೀ. ದಾಟಿದರೆ ಒತ್ತಡದಿಂದ ಗೋಡೆಗೆ ಪೆಟ್ಟಾಗಿದೆ ಎಂದು ಎಣಿಸುತ್ತ ಬಂದವು. ಆದರೆ 30 ವರ್ಷದವರ 0.9ಕ್ಕೂ 75 ವರ್ಷದವರ 0.9ಕ್ಕೂ ಅರ್ಥ ಒಂದೇ ಅಲ್ಲ. ಅದೂ ಅಲ್ಲದೆ, ಬಿಪಿಯಿಂದ ಸ್ನಾಯು ದಪ್ಪವಾದರೂ ಐಎಂಟಿ ಏರುತ್ತದೆ, ಕೊಲೆಸ್ಟ್ರಾಲ್ ಸೇರಲು ಶುರುವಾದರೂ ಏರುತ್ತದೆ. ಯಾವುದರಿಂದ ಏರಿತು ಎಂದು ಈ ಅಂಕಿ ಹೇಳುವುದಿಲ್ಲ. ಐಎಂಟಿ ಜಾಸ್ತಿ ಅಂದರೆ ‘ಬ್ಲಾಕ್ ಇದೆ’ ಅಂತ ಅಲ್ಲವೇ ಅಲ್ಲ.

ಪ್ಲಾಕ್ ಇದೆ ಎಂದು ಬರೆದಿದ್ದರೆ ಮಾತು ಬೇರೆ. ಗೋಡೆ ಒಂದು ಕಡೆ ಮಾತ್ರ ಉಬ್ಬಿ ದಪ್ಪ 1.5 ಮಿ.ಮೀ. ಮೀರಿದರೆ, ಅಥವಾ ಸುತ್ತಲಿನ ಗೋಡೆಗಿಂತ ಅರ್ಧದಷ್ಟು ಜಾಸ್ತಿ ದಪ್ಪ ಇದ್ದರೆ ಪ್ಲಾಕ್ ಎನ್ನುತ್ತಾರೆ. ಕೆರೋಟಿಡ್ ಎರಡಾಗಿ ಕವಲೊಡೆಯುವ ಜಾಗದಲ್ಲಿ ರಕ್ತ ಸುಳಿ ಸುತ್ತುತ್ತದೆ. ಪ್ಲಾಕ್ ಅಲ್ಲೇ ಜಾಸ್ತಿ. ಮುಂದೆ ಹೃದಯಾಘಾತವೋ ಲಕ್ವವೋ ಬರುವ ಸಾಧ್ಯತೆಯನ್ನು ಬರೀ ಐಎಂಟಿಗಿಂತ ಪ್ಲಾಕ್ ಚೆನ್ನಾಗಿ ಸೂಚಿಸುತ್ತದೆ.

ಪ್ಲಾಕ್ ಬೆಳೆದು ದಾರಿ ಕಿರಿದಾದರೆ ಅದು ಸ್ಟೆನೋಸಿಸ್. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಯನ್ನು ಹೆಬ್ಬೆರಳಲ್ಲಿ ಅರ್ಧ ಮುಚ್ಚಿದರೆ ನೀರು ರಭಸವಾಗಿ ಚಿಮ್ಮುತ್ತದಲ್ಲ, ಕಿರಿದಾದ ಜಾಗದಲ್ಲಿ ರಕ್ತವೂ ಹಾಗೆಯೇ. ರಿಪೋರ್ಟಿನ ಪಿಎಸ್‌ವಿ ಅಂದರೆ ಹೃದಯ ಬಡಿದಾಗ ರಕ್ತ ಮುಟ್ಟುವ ಅತಿ ಹೆಚ್ಚಿನ ವೇಗ. ಮಿದುಳಿನ ಕಡೆ ಹೋಗುವ ಒಳ ಕವಲಿನಲ್ಲಿ ಅದು ಸೆಕೆಂಡಿಗೆ 125 ಸೆಂ.ಮೀ. ಒಳಗೆ ಇದ್ದರೆ ಅರ್ಧಕ್ಕಿಂತ ಕಡಿಮೆ ಕಿರಿದು ಅಥವಾ ಕಿರಿದೇ ಆಗಿಲ್ಲ. 230 ದಾಟಿದರೆ 70 ಪರ್ಸೆಂಟಿಗಿಂತ ಜಾಸ್ತಿ ಮುಚ್ಚಿರಬಹುದು. ಹಾಗಾಗಿ ‘ಪಿಎಸ್‌ವಿ 80’ ಎಂಬ ಸಾಲು ಓದಿ ಗಾಬರಿಯಾಗಬೇಕಿಲ್ಲ.

ಒಳಹಾಸಿನ ಕೆಲಸ ನೋಡುವ ಪರೀಕ್ಷೆ

ಇದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಸಿಗುವಂಥದ್ದಲ್ಲ, ಸಂಶೋಧನೆಯಲ್ಲಿ ಮಾಡುವಂಥದ್ದು. ಆದರೂ ಹೇಳಬೇಕು, ಯಾಕೆಂದರೆ ಗೋಡೆ ದಪ್ಪವಾಗುವ ಎಷ್ಟೋ ಮೊದಲೇ ಒಳಹಾಸು ಸೋತಿರುತ್ತದೆ.

1980ರಲ್ಲಿ ನ್ಯೂಯಾರ್ಕಿನ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ಚೂರುಗಳ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದರು. ಅಸಿಟೈಲ್‌ಕೊಲೀನ್ ಎಂಬ ರಾಸಾಯನಿಕ ಹಾಕಿದಾಗ ನಾಳ ಕೆಲವೊಮ್ಮೆ ಸಡಿಲವಾಗುತ್ತಿತ್ತು, ಕೆಲವೊಮ್ಮೆ ಇಲ್ಲ. ಕಾರಣ ಹುಡುಕಿದರೆ, ಚೂರು ತಯಾರು ಮಾಡುವಾಗ ಒಳಭಾಗ ಉಜ್ಜಿಹೋಗಿದ್ದರೆ ಸಡಿಲವಾಗುತ್ತಿರಲಿಲ್ಲ. ನಾಳಕ್ಕೆ ‘ಹಿಗ್ಗು’ ಎಂದು ಹೇಳುತ್ತಿದ್ದುದು ಆ ಒಂದೇ ಕೋಶದ ಹಾಸು. ಅದು ಬಿಡುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಎಂದು ಆಮೇಲೆ ತಿಳಿಯಿತು. ಫರ್ಚ್‌ಗಾಟ್, ಲೂಯಿ ಇಗ್ನಾರೊ, ಫೆರಿದ್ ಮುರಾದ್ ಮೂವರಿಗೆ 1998ರ ನೊಬೆಲ್ ಬಂತು.

ಬದುಕಿರುವ ಮನುಷ್ಯನಲ್ಲಿ ಇದನ್ನು ನೋಡುವುದು ಹೇಗೆ? 1992ರಲ್ಲಿ ಲಂಡನ್ನಿನಲ್ಲಿ ಡೇವಿಡ್ ಸೆಲರ್‌ಮೇಯರ್ ಮತ್ತು ತಂಡ ಒಂದು ದಾರಿ ತೋರಿಸಿತು. ಬಿಪಿ ಪಟ್ಟಿಯನ್ನು ಕೈಗೆ ಸುತ್ತಿ ಸುಮಾರು ಐದು ನಿಮಿಷ ರಕ್ತ ಪೂರ್ತಿ ನಿಲ್ಲುವಷ್ಟು ಬಿಗಿದು, ಆಮೇಲೆ ತಟಕ್ಕನೆ ಬಿಡುತ್ತಾರೆ. ತಡೆದು ನಿಂತಿದ್ದ ರಕ್ತ ರಭಸದಿಂದ ನುಗ್ಗುತ್ತದೆ. ಒಳಹಾಸು ಆ ರಭಸವನ್ನು ಗ್ರಹಿಸಿ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ನಾಳ ಹಿಗ್ಗುತ್ತದೆ. ತೋಳಿನ ನಾಳದ ಅಗಲವನ್ನು ಅಲ್ಟ್ರಾಸೌಂಡಿನಲ್ಲಿ ಮೊದಲೂ ಆಮೇಲೂ ಅಳೆಯುತ್ತಾರೆ. ನಾಲ್ಕು ಮಿ.ಮೀ. ಅಗಲದ ನಾಳ 7 ಪರ್ಸೆಂಟ್ ಹಿಗ್ಗಿತು ಅಂದರೆ 0.28 ಮಿ.ಮೀ. ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯಲು ಕೈಯೂ ಪ್ರೋಬೂ ಒಂಚೂರೂ ಅಲುಗಬಾರದು. ಕಾಫಿ, ಸಿಗರೇಟು, ಊಟ, ರೂಮಿನ ಬಿಸಿ ಎಲ್ಲವೂ ಫಲಿತಾಂಶ ಬದಲಿಸುತ್ತವೆ. ದಿನನಿತ್ಯದ ಚಿಕಿತ್ಸೆಗೆ ಇದು ಬರದೇ ಉಳಿದಿರುವುದು ಅದಕ್ಕೇ.

ಬಿರುಸುತನ ಅಳೆಯಲು ಇನ್ನೊಂದು ಪರೀಕ್ಷೆ ಇದೆ. ಹೃದಯ ಬಡಿದಾಗ ಏಳುವ ನಾಡಿಯ ಅಲೆ ಕೊರಳಿಗೆ ಎಷ್ಟು ಹೊತ್ತಿಗೆ ಮುಟ್ಟಿತು, ತೊಡೆಸಂದಿಗೆ ಎಷ್ಟು ಹೊತ್ತಿಗೆ ಮುಟ್ಟಿತು ಎಂದು ನೋಡಿ ವೇಗ ಲೆಕ್ಕ ಹಾಕುತ್ತಾರೆ. ಬಿರುಸು ನಾಳದಲ್ಲಿ ಅಲೆ ಬೇಗ ಓಡುತ್ತದೆ. ಸೆಕೆಂಡಿಗೆ 10 ಮೀಟರ್ ಮೀರಿದರೆ ಜಾಸ್ತಿ ಎಂದು ಲೆಕ್ಕ. ಇದಕ್ಕೆ ಬೇರೆ ಉಪಕರಣಗಳೂ ಇವೆ, ಡಾಪ್ಲರಿನಲ್ಲೂ ಮಾಡಬಹುದು.

ಕಿಡ್ನಿ ಡಾಪ್ಲರ್ ಕತೆ ಬೇರೆ

ಇಷ್ಟು ಹೊತ್ತು ಹೇಳಿದ್ದು ಬಿಪಿಯಿಂದ ಆದ ಹಾನಿಯ ವಿಷಯ. ಕಿಡ್ನಿಯ ರಕ್ತನಾಳದ ಸ್ಕ್ಯಾನ್ ಮಾಡುವುದು ಬಿಪಿಗೆ ಕಾರಣ ಹುಡುಕಲು. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿ ನಾಳಕ್ಕೆ ಕ್ಲಿಪ್ ಹಾಕಿ ಕಿರಿದು ಮಾಡಿದರು. ಬಿಪಿ ಏರಿತು. ಕಿಡ್ನಿಗೆ ರಕ್ತ ಕಡಿಮೆ ಬಂದರೆ ಅದಕ್ಕೆ ಇಡೀ ಮೈಯಲ್ಲೇ ಒತ್ತಡ ಕಡಿಮೆಯಾದಂತೆ ಅನಿಸುತ್ತದೆ. ರೆನಿನ್ ಎಂಬ ವಸ್ತು ಬಿಟ್ಟು ಇಡೀ ಮೈಯ ಒತ್ತಡ ಏರಿಸಿಬಿಡುತ್ತದೆ.

ಚಿಕ್ಕ ವಯಸ್ಸಿನಲ್ಲೇ ಬಿಪಿ ಜೋರಾಗಿದ್ದರೆ, ಮೂರು ಬಗೆಯ ಮಾತ್ರೆ ಪೂರ್ತಿ ಡೋಸಿನಲ್ಲಿ ಕೊಟ್ಟರೂ ಇಳಿಯದಿದ್ದರೆ, ಚೆನ್ನಾಗಿದ್ದ ಬಿಪಿ ಇದ್ದಕ್ಕಿದ್ದಂತೆ ಕೈ ಮೀರಿದರೆ ಡಾಕ್ಟರು ಈ ಸ್ಕ್ಯಾನ್ ಯೋಚಿಸುತ್ತಾರೆ. ನಮ್ಮ ದೇಶದಲ್ಲಿ ಯುವತಿಯರಲ್ಲಿ ಟಕಾಯಾಸು ಕಾಯಿಲೆ ಒಂದು ಮುಖ್ಯ ಕಾರಣ. 1908ರಲ್ಲಿ ಇದನ್ನು ವರದಿ ಮಾಡಿದ ಜಪಾನಿನ ಕಣ್ಣಿನ ಡಾಕ್ಟರ್ ಹೆಸರಿನಲ್ಲೇ ಕರೆಯುತ್ತಾರೆ. ದೊಡ್ಡ ನಾಳಗಳ ಗೋಡೆಯಲ್ಲಿ ಉರಿಯೂತ ಆಗಿ ಅವು ಕಿರಿದಾಗುತ್ತವೆ. ಒಂದು ಕೈಯಲ್ಲಿ ನಾಡಿ ಸಿಗದಿರುವುದು, ಎರಡು ಕೈಯ ಬಿಪಿಯಲ್ಲಿ ದೊಡ್ಡ ವ್ಯತ್ಯಾಸ ಇರುವುದು ಇದರ ಸುಳಿವು.

ಕಿಡ್ನಿ ಡಾಪ್ಲರಿಗೆ ಸಾಮಾನ್ಯವಾಗಿ ಖಾಲಿ ಹೊಟ್ಟೆಯಲ್ಲಿ ಬರಲು ಹೇಳುತ್ತಾರೆ, ಕರುಳಿನ ಗ್ಯಾಸ್ ಶಬ್ದಕ್ಕೆ ಅಡ್ಡ ಬರುತ್ತದೆ. ಕಿರಿದಾಗಿರುವುದು ಸಿಕ್ಕಿತು ಅಂದ ಮಾತ್ರಕ್ಕೆ ಸ್ಟೆಂಟ್ ಹಾಕುವುದೂ ಇಲ್ಲ. 2014ರಲ್ಲಿ ಪ್ರಕಟವಾದ ‘ಕೋರಲ್’ ಅಧ್ಯಯನದಲ್ಲಿ, ವಯಸ್ಸಾಗಿ ಪ್ಲಾಕ್ ಕಟ್ಟಿ ಕಿರಿದಾದವರಿಗೆ ಸ್ಟೆಂಟ್ ಹಾಕಿದ್ದರಿಂದ ಮಾತ್ರೆಗಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಬಿಪಿ ಇದ್ದವರೆಲ್ಲ ಕೊರಳಿನ ಸ್ಕ್ಯಾನ್ ಮಾಡಿಸಬೇಕಾ?

ಬೇಡ. 2013ರ ಅಮೆರಿಕದ ಹೃದ್ರೋಗ ಸಂಘಗಳ ಮಾರ್ಗಸೂಚಿ, ಹೃದಯದ ಅಪಾಯ ಲೆಕ್ಕ ಹಾಕಲು ಎಲ್ಲರಿಗೂ ಐಎಂಟಿ ಅಳೆಯುವುದು ಬೇಡ ಎಂದಿತು. ವಯಸ್ಸು, ಬಿಪಿ, ಕೊಲೆಸ್ಟ್ರಾಲು, ಸಿಗರೇಟು, ಸಕ್ಕರೆ ಇಷ್ಟು ಗೊತ್ತಿದ್ದರೆ ಸಿಗುವ ಅಂದಾಜಿಗೆ ಐಎಂಟಿ ಸೇರಿಸುವುದು ತುಂಬ ಕಡಿಮೆ. ಲಕ್ಷಣವೇ ಇಲ್ಲದ ಸಾಮಾನ್ಯ ಜನರಲ್ಲಿ ಕೆರೋಟಿಡ್ ಸ್ಟೆನೋಸಿಸ್ ಹುಡುಕಿಕೊಂಡು ಹೋಗಬೇಡಿ ಎಂದು ಅಲ್ಲಿನ ತಪಾಸಣಾ ಸಲಹಾ ಮಂಡಳಿ 2021ರಲ್ಲಿ ಮತ್ತೆ ಹೇಳಿದೆ. ಸುಳ್ಳು ಗಾಬರಿ, ಬೇಡದ ಪರೀಕ್ಷೆ, ಬೇಡದ ಆಪರೇಷನ್ ಇವೆಲ್ಲ ಹಿಂದೆಯೇ ಬರುತ್ತವೆ.

ವರ್ಷ ವರ್ಷ ಮಾಡಿಸಿ ‘ಕಡಿಮೆಯಾಯ್ತಾ’ ಅಂತ ನೋಡುವುದರಲ್ಲೂ ಅರ್ಥವಿಲ್ಲ. ಐಎಂಟಿ ಬೆಳೆಯುವುದು ವರ್ಷಕ್ಕೆ ಸರಾಸರಿ ಒಂದು ಮಿ.ಮೀ.ನ ನೂರರಲ್ಲೊಂದು ಪಾಲಿನ ಆಸುಪಾಸು. ಪ್ರೋಬ್ ಸ್ವಲ್ಪ ಓರೆಯಾದರೆ ಅಳತೆಯಲ್ಲಿ ಅದಕ್ಕಿಂತ ದೊಡ್ಡ ವ್ಯತ್ಯಾಸ ಬರುತ್ತದೆ. ಯುರೋಪಿನ ‘ಎಲ್ಸಾ’ ಎಂಬ ಅಧ್ಯಯನದಲ್ಲಿ ಎರಡು ಬಿಪಿ ಮಾತ್ರೆಗಳನ್ನು ನಾಲ್ಕು ವರ್ಷ ಹೋಲಿಸಿ ನೋಡಿದರು. 2002ರಲ್ಲಿ ಬಂದ ಫಲಿತಾಂಶದಲ್ಲಿ, ಲ್ಯಾಸಿಡಿಪಿನ್ ತಗೊಂಡವರಲ್ಲಿ ಅಟೆನೊಲಾಲ್ ತಗೊಂಡವರಿಗಿಂತ ಐಎಂಟಿ ನಿಧಾನವಾಗಿ ಏರಿತ್ತು. ಆದರೆ ಹೃದಯಾಘಾತ, ಲಕ್ವಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಚಿತ್ರ ಚೆಂದವಾಯಿತು ಅಂದರೆ ರೋಗಿ ಪಾರಾದ ಅಂತಲ್ಲ.

ಹಾಗಾದರೆ ಉಪಯೋಗ ಯಾರಿಗೆ? ಬಿಪಿ ಗಡಿಯಲ್ಲಿದೆ, ಅಪಾಯ ನಡುಮಟ್ಟದ್ದು, ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಬೇಕೋ ಬೇಡವೋ ಎಂಬ ಅನುಮಾನ. ಅಂಥ ಕಡೆ ಪ್ಲಾಕ್ ಕಂಡರೆ ತೀರ್ಮಾನ ಸುಲಭ. ಮಾತ್ರೆ ನುಂಗಲು ಸೋಮಾರಿತನ ಮಾಡುವವರಿಗೂ ಚಿತ್ರ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಸ್ವೀಡನ್ನಿನಲ್ಲಿ ಸಾಕ್ಷಿ ಇದೆ. ಅಲ್ಲಿನ ವೆಸ್ಟರ್‌ಬಾಟನ್ ಪ್ರಾಂತದಲ್ಲಿ 3,532 ಜನರ ಕೆರೋಟಿಡ್ ಸ್ಕ್ಯಾನ್ ಮಾಡಿದರು. ಅರ್ಧ ಜನರಿಗೆ ಅವರ ರಕ್ತನಾಳದ ಸ್ಥಿತಿಯನ್ನು ಬಣ್ಣದ ಚಿತ್ರದಲ್ಲಿ ಬಿಡಿಸಿ ಕಳಿಸಿದರು, ನರ್ಸ್ ಫೋನ್ ಮಾಡಿ ವಿವರಿಸಿದರು. ಉಳಿದವರಿಗೆ ಕಳಿಸಲಿಲ್ಲ. ವರ್ಷದ ನಂತರ, ಚಿತ್ರ ನೋಡಿದವರ ಅಪಾಯದ ಅಂಕ ಉಳಿದವರಿಗಿಂತ ಕಡಿಮೆ ಇತ್ತು. ಇದು 2019ರಲ್ಲಿ ಪ್ರಕಟವಾಯಿತು.

ಬಿಪಿ ನೋಡಿದ ಹಾಗೆ ಮನೆ ಬಾಗಿಲಲ್ಲೇ ಈ ಸ್ಕ್ಯಾನನ್ನೂ ಮಾಡಬಾರದೇ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಅದು ಸುಲಭವಲ್ಲ. ಭ್ರೂಣಲಿಂಗ ಪತ್ತೆ ತಡೆಯಲು ಬಂದ 1994ರ ಕಾಯ್ದೆಯಡಿ ಅಲ್ಟ್ರಾಸೌಂಡ್ ಮೆಷಿನ್‌ಗಳೆಲ್ಲ ನೋಂದಣಿ ಆಗಿರಬೇಕು, ಬೇಕಾದ ಕಡೆ ಹೊತ್ತುಕೊಂಡು ಹೋಗುವಂತಿಲ್ಲ. ಕೊರಳು ತೋರಿಸಲು ಹೋದ ಅಜ್ಜನೂ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಬೋರ್ಡಿನ ಕೆಳಗೇ ಕಾಯಬೇಕು.

ತಡ ಮಾಡದೆ ಮಾಡಬೇಕಾದ ಸಂದರ್ಭ

ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈಗೆ ಬಲ ಇಲ್ಲದಂತಾಗುವುದು, ಮಾತು ತೊದಲುವುದು, ಒಂದು ಕಣ್ಣಿಗೆ ಪರದೆ ಎಳೆದಂತೆ ಕತ್ತಲಾಗುವುದು. ಇವು ಲಕ್ವದ ಲಕ್ಷಣಗಳು. ಒಂದು ಕಂಡರೂ ಹೋಗಬೇಕಾದ್ದು ಸ್ಕ್ಯಾನಿಂಗ್ ಸೆಂಟರಿಗಲ್ಲ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯ ಎಮರ್ಜೆನ್ಸಿಗೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಸಿಗುವ ಸಮಯ ನಾಲ್ಕೂವರೆ ಗಂಟೆ ಮಾತ್ರ.

ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು ಅಂತ ಮನೆಯಲ್ಲೇ ಉಳಿಯುವವರು ಜಾಸ್ತಿ. ಕೆರೋಟಿಡ್ ಡಾಪ್ಲರ್ ನಿಜಕ್ಕೂ ತುರ್ತಾಗಿ ಬೇಕಾದ್ದು ಅವರಿಗೆ. ಕೊರಳಿನ ಪ್ಲಾಕ್‌ನಿಂದ ಸಣ್ಣ ಚೂರೊಂದು ಮಿದುಳಿಗೆ ಹೋಗಿ ಕರಗಿರಬಹುದು, ಮುಂದಿನದು ದೊಡ್ಡದಾಗಿರಬಹುದು. ಹೀಗೆ ಲಕ್ಷಣ ಕಂಡವರಲ್ಲಿ ನಾಳ 70 ಪರ್ಸೆಂಟಿಗಿಂತ ಜಾಸ್ತಿ ಮುಚ್ಚಿದ್ದರೆ, ಪ್ಲಾಕ್ ತೆಗೆಯುವ ಆಪರೇಷನ್ನಿಂದ ಲಕ್ವ ತಪ್ಪುತ್ತದೆ ಎಂದು 1991ರಲ್ಲೇ ಅಮೆರಿಕ ಮತ್ತು ಕೆನಡಾದ ಅಧ್ಯಯನ ತೋರಿಸಿತ್ತು. ಅದರ ಲಾಭ ಹೆಚ್ಚು ಸಿಗುವುದು ಮೊದಲ ಎರಡು ವಾರದೊಳಗೆ ಮಾಡಿದರೆ.